62, 37, 42, 22: ಡಾರ್ಟ್‌ಮಂಡ್ ಹುಡುಗರ ತಂಡ ಕಟ್ಟಿದ್ದು ಹೇಗೆ

62, 37, 42, 22.

ಜರ್ಮನಿಯ ಬೊರುಸ್ಸಿಯಾ ಡಾರ್ಟ್‌ಮಂಡ್ ಫುಟ್‌ಬಾಲ್ ಕ್ಲಬ್ 2007-08ರಿಂದ 2010-11ರವರೆಗಿನ ನಾಲ್ಕು ಸೀಸನ್‌ಗಳಲ್ಲಿ ಲೀಗ್‌ನಲ್ಲಿ ಹೊಡೆಸಿಕೊಂಡ ಗೋಲುಗಳು ಇವು. ಸೀಸನ್‌ಗೆ 34 ಪಂದ್ಯ. ಮೊದಲ ವರ್ಷ ಇಡೀ ಬುಂಡೆಸ್‌ಲಿಗಾದಲ್ಲಿ, ಅಂದರೆ ಜರ್ಮನಿಯ ಮೊದಲ ದರ್ಜೆಯ ಲೀಗ್‌ನಲ್ಲಿ, ಅತಿ ಹೆಚ್ಚು ಗೋಲು ಬಿಟ್ಟುಕೊಟ್ಟ ತಂಡ ಇದೇ. 18 ತಂಡಗಳಲ್ಲಿ 13ನೇ ಸ್ಥಾನ. ನಾಲ್ಕನೇ ವರ್ಷ ಅತಿ ಕಡಿಮೆ ಬಿಟ್ಟುಕೊಟ್ಟ ತಂಡವೂ ಇದೇ, ಚಾಂಪಿಯನ್ನೂ ಇದೇ.

ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮೂರನೇ ಅಂಕಿ. 37ಕ್ಕೆ ಇಳಿದಿದ್ದು ಮತ್ತೆ 42ಕ್ಕೆ ಏರಿತು. ಸರಿಹೋಗುತ್ತಿದ್ದ ತಂಡ ಒಂದು ವರ್ಷ ಹಿಂದಕ್ಕೆ ಜಾರಿತು. ಹೆಚ್ಚಿನ ಕ್ಲಬ್‌ಗಳು ಕೈಚೆಲ್ಲುವುದು ಇಲ್ಲೇ. ಕೋಚ್‌ನನ್ನು ತೆಗೆಯುತ್ತಾರೆ, ಹುಡುಗರನ್ನು ಬೆಂಚಿಗೆ ಕಳಿಸುತ್ತಾರೆ, ಮೂವತ್ತು ದಾಟಿದ ಹೆಸರಾಂತ ಆಟಗಾರನನ್ನು ತಂದು ನಿಲ್ಲಿಸುತ್ತಾರೆ. ಆಮೇಲೆ ಮೂರು ವರ್ಷ ಬಿಟ್ಟು ಮತ್ತೆ ಅದೇ ಮಾತು: "ಯುವ ಆಟಗಾರರನ್ನು ಇಟ್ಟುಕೊಂಡು ತಂಡ ಕಟ್ಟುತ್ತೇವೆ." ಡಾರ್ಟ್‌ಮಂಡ್ ಆ 42ರ ವರ್ಷವನ್ನು ತಾಳಿಕೊಂಡಿತು. ಅದು ಹೇಗೆ ಸಾಧ್ಯವಾಯಿತು ಅಂತ ಗೊತ್ತಾದರೆ, ಹುಡುಗರ ತಂಡ ಕಟ್ಟಲು ಇಷ್ಟು ವರ್ಷ ಯಾಕೆ ಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ದುಡ್ಡಿನ ಕಥೆ

ಡಾರ್ಟ್‌ಮಂಡ್ ರೂರ್ ಪ್ರದೇಶದ ಊರು. ಕಲ್ಲಿದ್ದಲು, ಉಕ್ಕು, ಬಿಯರ್, ಈ ಮೂರರಿಂದ ಬೆಳೆದದ್ದು. ಗಣಿಗಳೂ ಉಕ್ಕಿನ ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿದ ಮೇಲೂ ಊರನ್ನು ಒಟ್ಟಿಗೆ ಹಿಡಿದಿಟ್ಟದ್ದು ಫುಟ್‌ಬಾಲ್. 1997ರಲ್ಲಿ ಯುವೆಂಟಸ್ ತಂಡವನ್ನು 3-1ರಿಂದ ಸೋಲಿಸಿ ಡಾರ್ಟ್‌ಮಂಡ್ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದಿತು. ಆಮೇಲೆ ಆಸೆ ಜಾಸ್ತಿಯಾಯಿತು.

2000ದಲ್ಲಿ ಕ್ಲಬ್ ಷೇರು ಮಾರುಕಟ್ಟೆಗೆ ಹೋಯಿತು. ಜರ್ಮನಿಯಲ್ಲಿ ಹಾಗೆ ಮಾಡಿದ ಮೊದಲ ಕ್ಲಬ್ ಇದು. ಬಂದ ದುಡ್ಡಲ್ಲಿ ದುಬಾರಿ ಆಟಗಾರರು ಬಂದರು. ಬ್ರೆಜಿಲ್‌ನ ಅಮೊರೊಸೊ, ಜೆಕ್ ಹುಡುಗ ರೊಸಿಟ್ಸ್ಕಿ, ಎತ್ತರದ ಕೊಲ್ಲರ್. 2002ರಲ್ಲಿ ಲೀಗನ್ನೂ ಗೆದ್ದರು. ಕ್ಲಬ್‌ನ ಲೆಕ್ಕಾಚಾರ ಸರಳವಾಗಿತ್ತು: ಪ್ರತಿ ವರ್ಷ ಚಾಂಪಿಯನ್ಸ್ ಲೀಗ್ ಆಡುತ್ತೇವೆ, ಆ ದುಡ್ಡು ಬರುತ್ತದೆ, ಅದರಲ್ಲಿ ಸಂಬಳ ಕೊಡುತ್ತೇವೆ. 2003ರ ಬೇಸಿಗೆಯಲ್ಲಿ ಅರ್ಹತಾ ಸುತ್ತಿನಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಗೆ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತರು. ಬರಬೇಕಾದ ದುಡ್ಡು ಬರಲಿಲ್ಲ. ಕೊಡಬೇಕಾದ ಸಂಬಳ ಮಾತ್ರ ಹಾಗೇ ಇತ್ತು.

ಆ ಹೊತ್ತಿಗೆ ಸ್ಟೇಡಿಯಂ ಕೂಡ ಕ್ಲಬ್‌ನ ಕೈಯಲ್ಲಿರಲಿಲ್ಲ. ಅದನ್ನು ಒಂದು ಹೂಡಿಕೆ ನಿಧಿಗೆ ಮಾರಿ, ತಮ್ಮದೇ ಮನೆಯಲ್ಲಿ ಬಾಡಿಗೆಗೆ ಆಡುತ್ತಿದ್ದರು. ಸಾಲ ನೂರು ಮಿಲಿಯನ್ ಯೂರೋ ದಾಟಿತು. ಸಂಬಳ ಕೊಡಲೂ ಕಷ್ಟವಾದಾಗ ಬದ್ಧ ಎದುರಾಳಿ ಬಯೆರ್ನ್ ಮ್ಯೂನಿಕ್ 2 ಮಿಲಿಯನ್ ಯೂರೋ ಕೈಸಾಲ ಕೊಟ್ಟಿತು. 2005ರ ಮಾರ್ಚ್ 14ರಂದು ಆ ಹೂಡಿಕೆ ನಿಧಿಯ ಸದಸ್ಯರು ಡ್ಯೂಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ ಸಭೆ ಸೇರಿದರು. ಕ್ಲಬ್ ಉಳಿಸುವ ಯೋಜನೆಗೆ ಒಪ್ಪಬೇಕೋ ಬೇಡವೋ ಅಂತ ಮತ ಹಾಕಿದರು. ಅವರು ಬೇಡ ಅಂದಿದ್ದರೆ ಕ್ಲಬ್ ದಿವಾಳಿ. ಅವರು ಒಪ್ಪಿದರು. ಸ್ವಲ್ಪ ದಿನ ಮುಂಚೆ ಆಡಳಿತದ ಹೊಣೆ ಹೊತ್ತಿದ್ದ ಹಾನ್ಸ್-ಯೋಆಕಿಮ್ ವಾಟ್ಸ್‌ಕೆ ಅವರ ಕೈಗೆ ಬಂದದ್ದು ಒಂದು ಖಾಲಿ ಗಲ್ಲಾಪೆಟ್ಟಿಗೆ.

ಇಲ್ಲಿಂದ ಕಥೆಯನ್ನು ಸುಲಭವಾಗಿ ಹೇಳಿಬಿಡಬಹುದು: ದುಡ್ಡಿರಲಿಲ್ಲ, ಹುಡುಗರನ್ನು ಆಡಿಸಿದರು, ಗೆದ್ದರು. ಹಾಗೆ ಆಗಲಿಲ್ಲ. 2005ರ ಆಗಸ್ಟ್‌ನಲ್ಲೇ ನೂರಿ ಶಾಹಿನ್ ಎಂಬ 16 ವರ್ಷದ ಹುಡುಗನನ್ನು ಕಣಕ್ಕಿಳಿಸಿದರು. ಬುಂಡೆಸ್‌ಲಿಗಾದಲ್ಲಿ ಅಲ್ಲಿಯವರೆಗೆ ಅಷ್ಟು ಚಿಕ್ಕವರು ಯಾರೂ ಆಡಿರಲಿಲ್ಲ. ಆದರೆ ತಂಡದ ಸ್ಥಾನ ನೋಡಿ. 2006ರಲ್ಲಿ 7, 2007ರಲ್ಲಿ 9, 2008ರಲ್ಲಿ 13. ಇಳಿಯುತ್ತಲೇ ಹೋಯಿತು. ಶಾಹಿನ್ ಕೂಡ ಮಂಕಾದ. ಒಂದು ವರ್ಷ ಅವನನ್ನು ಹಾಲೆಂಡ್‌ನ ಫೆಯೆನೂರ್ಡ್‌ಗೆ ಸಾಲವಾಗಿ ಕೊಟ್ಟು ಕಳಿಸಿದರು.

ಬೇರೆ ದಾರಿ ಇಲ್ಲದೆ ಹುಡುಗರನ್ನು ಆಡಿಸುವುದು ಒಂದು. ಆ ಹುಡುಗರಿಗೆ ಹೊಂದುವ ಹಾಗೆ ಆಟವನ್ನೇ ಬದಲಿಸುವುದು ಇನ್ನೊಂದು. ಮೊದಲ ಮೂರು ವರ್ಷ ಡಾರ್ಟ್‌ಮಂಡ್ ಮಾಡಿದ್ದು ಮೊದಲನೆಯದನ್ನು ಮಾತ್ರ.

ಹುಡುಗರು ಎಲ್ಲಿಂದ ಬಂದರು

ಇದಕ್ಕೆ 2000ದ ಯೂರೋ ಕಪ್‌ಗೆ ಹೋಗಬೇಕು. ಆ ಟೂರ್ನಿಯಲ್ಲಿ ಜರ್ಮನಿ ಮೂರು ಪಂದ್ಯಗಳಿಂದ ಒಂದೇ ಒಂದು ಪಾಯಿಂಟ್ ಗಳಿಸಿ, ಗುಂಪಿನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದಿತು. ಮೂರು ಸಲ ವಿಶ್ವಕಪ್ ಗೆದ್ದ ದೇಶಕ್ಕೆ ಅದು ದೊಡ್ಡ ಪೆಟ್ಟು. ಆಮೇಲೆ ನಿಯಮ ಬಂತು: ಮೊದಲ ದರ್ಜೆಯ ಪ್ರತಿ ಕ್ಲಬ್ ಮಕ್ಕಳಿಗಾಗಿ ಅಕಾಡೆಮಿ ನಡೆಸಲೇಬೇಕು, ಇಲ್ಲದಿದ್ದರೆ ಲೀಗ್ ಆಡಲು ಲೈಸೆನ್ಸ್ ಇಲ್ಲ. ಮರುವರ್ಷ ಎರಡನೇ ದರ್ಜೆಗೂ ಅದೇ ನಿಯಮ. ಇದರ ಜೊತೆಗೆ ದೇಶದ ಉದ್ದಗಲಕ್ಕೂ ಸುಮಾರು 360 ತರಬೇತಿ ಕೇಂದ್ರಗಳು ತೆರೆದವು. ಸಣ್ಣ ಊರಿನ ಮಗು ಕೂಡ ವಾರಕ್ಕೊಮ್ಮೆ ಒಳ್ಳೆಯ ಕೋಚ್ ಕಣ್ಣಿಗೆ ಬೀಳಬೇಕು ಅನ್ನುವುದು ಉದ್ದೇಶ.

ಫಲ ತಕ್ಷಣ ಸಿಗಲಿಲ್ಲ. ಸಿಗುವಂಥದ್ದೂ ಅಲ್ಲ. 2001ರಲ್ಲಿ 12-13 ವರ್ಷದವನಾಗಿದ್ದ ಹುಡುಗ ದೊಡ್ಡವರ ಪಂದ್ಯ ಆಡಲು 2008 ಆಗಬೇಕು. 2009ರಲ್ಲಿ ಜರ್ಮನಿಯ 21 ವರ್ಷದೊಳಗಿನವರ ತಂಡ ಫೈನಲ್‌ನಲ್ಲಿ ಇಂಗ್ಲೆಂಡನ್ನು 4-0ರಿಂದ ಸೋಲಿಸಿ ಯುರೋಪ್ ಚಾಂಪಿಯನ್ ಆಯಿತು. ಆ ತಂಡದಲ್ಲಿ ಮಾಟ್ಸ್ ಹುಮ್ಮೆಲ್ಸ್ ಇದ್ದ, ಮಾರ್ಸೆಲ್ ಶ್ಮೆಲ್ಟ್ಸರ್ ಇದ್ದ. ಇಬ್ಬರೂ ಆಗಲೇ ಡಾರ್ಟ್‌ಮಂಡ್ ಆಟಗಾರರು. ಡಾರ್ಟ್‌ಮಂಡ್‌ಗೆ ಹುಡುಗರು ಬೇಕಾಗಿದ್ದ ಕಾಲಕ್ಕೆ ಸರಿಯಾಗಿ ದೇಶದಲ್ಲಿ ಒಳ್ಳೆಯ ಹುಡುಗರ ಫಸಲು ಬಂದಿತ್ತು. ಇದನ್ನು ಅದೃಷ್ಟ ಅನ್ನಬಹುದು. ಆದರೆ ಆ ಫಸಲು ಬೇರೆ 17 ಕ್ಲಬ್‌ಗಳ ಮುಂದೆಯೂ ಇತ್ತು.

ಆರು ದಿನದ ಅಂತರ

2008ರ ಬೇಸಿಗೆಯಲ್ಲಿ ಯೂರ್ಗನ್ ಕ್ಲಾಪ್ ಬಂದರು. ಆಗ ಅವರಿಗೆ 41. ಎರಡನೇ ದರ್ಜೆಯಲ್ಲಿದ್ದ ಮೈಂಟ್ಸ್ ತಂಡವನ್ನು ಮೇಲಿನ ದರ್ಜೆಗೆ ತರಲು ಅವರಿಗೆ ಆ ವರ್ಷ ಆಗಿರಲಿಲ್ಲ. ದೊಡ್ಡ ಕ್ಲಬ್‌ಗಳು ಸಾಮಾನ್ಯವಾಗಿ ಇಂಥವರನ್ನು ಕರೆಯುವುದಿಲ್ಲ. ವಾಟ್ಸ್‌ಕೆ ಮತ್ತು ಕ್ರೀಡಾ ನಿರ್ದೇಶಕ ಮಿಖಾಯೆಲ್ ತ್ಸೋರ್ಕ್ ಕರೆದರು. ತ್ಸೋರ್ಕ್ ಅದೇ ಊರಿನವರು, ಆಟಗಾರರಾಗಿ ಅದೇ ಕ್ಲಬ್‌ಗೆ 463 ಲೀಗ್ ಪಂದ್ಯ ಆಡಿದವರು.

ಕ್ಲಾಪ್ ಮಾಡಿದ ಮೊದಲ ದೊಡ್ಡ ಕೆಲಸ ಹುಚ್ಚು ಅನ್ನಿಸುವಂಥದ್ದು. ರಕ್ಷಣೆಯ ನಡುಮಧ್ಯೆ, ಗೋಲ್‌ಕೀಪರ್ ಮುಂದೆ, 19 ವರ್ಷದ ಇಬ್ಬರನ್ನು ನಿಲ್ಲಿಸಿದರು. ಒಬ್ಬ ಹುಮ್ಮೆಲ್ಸ್. ಬಯೆರ್ನ್ ತನಗೆ ಬೇಡ ಅಂತ ಸಾಲವಾಗಿ ಕೊಟ್ಟಿದ್ದ ಹುಡುಗ. ಇನ್ನೊಬ್ಬ ನೆವೆನ್ ಸುಬೋಟಿಚ್. ಮೈಂಟ್ಸ್‌ನಿಂದ ಕ್ಲಾಪ್ ಜೊತೆಗೇ ಬಂದವನು. ಸುಬೋಟಿಚ್ ಹುಟ್ಟಿದ್ದು 1988ರ ಡಿಸೆಂಬರ್ 10ಕ್ಕೆ, ಹುಮ್ಮೆಲ್ಸ್ ಡಿಸೆಂಬರ್ 16ಕ್ಕೆ. ಇಬ್ಬರಿಗೂ ಆರೇ ದಿನದ ಅಂತರ. ಜರ್ಮನಿಯ ಪತ್ರಿಕೆಗಳು ಈ ಜೋಡಿಗೆ 'ಕಿಂಡರ್‌ರೀಗಲ್' ಅಂತ ಹೆಸರಿಟ್ಟವು. ಅದು ಅಲ್ಲಿನ ಮಕ್ಕಳೆಲ್ಲ ತಿನ್ನುವ ಒಂದು ಚಾಕೊಲೇಟ್ ಹೆಸರು. 'ಕಿಂಡರ್' ಅಂದರೆ ಮಕ್ಕಳು. 'ರೀಗಲ್' ಅಂದರೆ ಚಾಕೊಲೇಟ್ ಪಟ್ಟಿ ಅಂತಲೂ ಆಗುತ್ತದೆ, ಬಾಗಿಲಿನ ಅಗುಳಿ ಅಂತಲೂ ಆಗುತ್ತದೆ. ಮಕ್ಕಳೇ ಹಾಕಿದ ಅಗುಳಿ.

ಇದು ಯಾಕೆ ಹುಚ್ಚು? ಮುಂದಾಳು, ಅಂದರೆ ಗೋಲು ಹೊಡೆಯುವವನು, ಹತ್ತು ಸಲ ತಪ್ಪು ಮಾಡಿ ಹನ್ನೊಂದನೇ ಸಲ ಗೋಲು ಹೊಡೆದರೆ ಆ ದಿನದ ಹೀರೋ. ರಕ್ಷಣೆಯ ನಡುವಿನವನು ಹತ್ತು ಸಲ ಸರಿಯಾಗಿ ಮಾಡಿ ಹನ್ನೊಂದನೇ ಸಲ ಜಾರಿದರೆ ತಂಡವೇ ಸೋಲುತ್ತದೆ. ಅಲ್ಲಿ ತಪ್ಪಿಗೆ ಜಾಗವೇ ಇಲ್ಲ. ಅದಕ್ಕೇ ಎಲ್ಲ ಕೋಚ್‌ಗಳೂ ಆ ಜಾಗಕ್ಕೆ ಅನುಭವಿಗಳನ್ನು ಹುಡುಕುತ್ತಾರೆ. 19 ವರ್ಷದವನಿಗೆ ತಪ್ಪು ಮಾಡದೇ ಇರಲು ಬರುವುದಿಲ್ಲ. ಅವನು ಕಲಿಯುವುದೇ ತಪ್ಪು ಮಾಡಿ, ಅಲ್ವಾ?

ಹಾಗಾದರೆ ತಪ್ಪು ಮಾಡಿದರೂ ಗೋಲಾಗದ ಹಾಗೆ ಆಡಬೇಕು. ಕ್ಲಾಪ್ ತಂದ ಆಟದ ಹೆಸರು ಗೇಗನ್‌ಪ್ರೆಸಿಂಗ್. ಇದನ್ನು ವಿವರಿಸಲು ನಮ್ಮ ಕಬಡ್ಡಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಬಡ್ಡಿಯಲ್ಲಿ ರೈಡರ್‌ನನ್ನು ಹಿಡಿಯಲು ಒಳ್ಳೆಯ ಗಳಿಗೆ ಯಾವುದು? ಅವನು ಒಳಗೆ ಬಂದು, ಕಾಲು ಚಾಚಿ, ಇನ್ನೇನು ತನ್ನ ಕಡೆಗೆ ತಿರುಗಬೇಕು ಅನ್ನುವ ಆ ಕ್ಷಣ. ಮೈಭಾರವೆಲ್ಲ ಒಂದೇ ಕಾಲಿನ ಮೇಲಿರುತ್ತದೆ. ಮನಸ್ಸು ಮಧ್ಯದ ಗೆರೆ ಮೇಲಿರುತ್ತದೆ. ಫುಟ್‌ಬಾಲಿನಲ್ಲಿ ಚೆಂಡನ್ನು ಆಗಷ್ಟೇ ಕಸಿದುಕೊಂಡವನ ಸ್ಥಿತಿಯೂ ಅದೇ. ಅವನ ಕಣ್ಣು ಚೆಂಡಿನ ಮೇಲಿರುತ್ತದೆ. ತನ್ನವರು ಎಲ್ಲಿದ್ದಾರೆ ಅಂತ ಇನ್ನೂ ನೋಡಿರುವುದಿಲ್ಲ. ಮಾಮೂಲಿ ತಂಡಗಳು ಚೆಂಡು ಕಳೆದುಕೊಂಡ ತಕ್ಷಣ ಹಿಂದಕ್ಕೆ ಓಡಿ ತಮ್ಮ ಜಾಗದಲ್ಲಿ ನಿಲ್ಲುತ್ತವೆ. ಕ್ಲಾಪ್ ತಂಡ ಹಿಂದಕ್ಕೆ ಓಡುತ್ತಿರಲಿಲ್ಲ. ಹತ್ತಿರ ಇದ್ದ ಮೂರು ನಾಲ್ಕು ಜನ ಒಟ್ಟಿಗೆ ಅವನ ಮೇಲೆ ಮುಗಿಬೀಳುತ್ತಿದ್ದರು. ಕೆಲವೇ ಸೆಕೆಂಡುಗಳ ಕೆಲಸ. ಚೆಂಡು ಸಿಕ್ಕರೆ ಎದುರಾಳಿಯ ಗೋಲಿಗೆ ಹತ್ತಿರದಲ್ಲೇ ಸಿಗುತ್ತದೆ. ಸಿಗದಿದ್ದರೂ ಅವನು ಗಾಬರಿಯಲ್ಲಿ ಚೆಂಡನ್ನು ದೂರಕ್ಕೆ, ಎತ್ತರಕ್ಕೆ ಒದೆಯುತ್ತಾನೆ. ಅಂಥ ಚೆಂಡನ್ನು ತಲೆಯಿಂದ ಹೊಡೆದು ವಾಪಸ್ ಕಳಿಸುವುದು ಸುಬೋಟಿಚ್, ಹುಮ್ಮೆಲ್ಸ್ ಅಂಥವರಿಗೆ ನೀರು ಕುಡಿದಷ್ಟು ಸುಲಭ.

ಅಂದರೆ ಹಿಂದಿರುವ ಇಬ್ಬರು ಹುಡುಗರ ಕಷ್ಟವನ್ನು ಮುಂದಿರುವವರು ಮೊದಲೇ ಅರ್ಧ ಕಡಿಮೆ ಮಾಡುತ್ತಿದ್ದರು. ತಪ್ಪು ನಡೆಯುತ್ತಿತ್ತು. ಆದರೆ ಅದು ಗೋಲಿನಿಂದ ಐವತ್ತು ಮೀಟರ್ ದೂರದಲ್ಲಿ ನಡೆಯುತ್ತಿತ್ತು.

ಈ ಆಟಕ್ಕೆ ಇನ್ನೊಂದು ಷರತ್ತಿದೆ. ಹತ್ತು ಜನ ಓಡಿ ಒಬ್ಬ ನಿಂತರೆ ಕೆಟ್ಟಿತು. ಆ ಒಂದು ಕಿಂಡಿಯಿಂದ ಚೆಂಡು ಹೊರಗೆ ಹೋಗುತ್ತದೆ, ಹಿಂದೆ ಅರ್ಧ ಮೈದಾನ ಖಾಲಿ ಇರುತ್ತದೆ. ಹೆಸರು, ಹಣ, ಪದಕ ಎಲ್ಲ ಸಿಕ್ಕಿರುವ ಆಟಗಾರನಿಗೆ 80ನೇ ನಿಮಿಷದಲ್ಲಿ ಹೀಗೆ ಓಡು ಅಂತ ಹೇಳುವುದು ಕಷ್ಟ. 20 ವರ್ಷದವನಿಗೆ ಕಾಲಲ್ಲಿ ಶಕ್ತಿ ಇರುತ್ತದೆ, ತನ್ನನ್ನು ತೋರಿಸಿಕೊಳ್ಳುವ ಹಸಿವೂ ಇರುತ್ತದೆ. ಅನುಭವ ಇಲ್ಲದಿರುವುದು ಇಲ್ಲಿ ದೊಡ್ಡ ಕೊರತೆಯಾಗಿ ಕಾಣಲಿಲ್ಲ. ಹುಡುಗರಲ್ಲಿ ಏನಿದೆಯೋ ಅದನ್ನೇ ಬಂಡವಾಳ ಮಾಡಿಕೊಂಡ ಆಟ ಇದು.

ಕ್ಲಾಪ್ ಬಂದು ಕೆಲವೇ ವಾರಗಳಾಗಿದ್ದವು. 2008ರ ಸೆಪ್ಟೆಂಬರ್‌ನಲ್ಲಿ ನೆರೆಯೂರಿನ ಶಾಲ್ಕೆ ತಂಡ ಡಾರ್ಟ್‌ಮಂಡ್‌ಗೆ ಬಂತು. ಈ ಎರಡು ಊರುಗಳ ಜಿದ್ದು ಜರ್ಮನಿಯಲ್ಲೇ ದೊಡ್ಡದು. ದ್ವಿತೀಯಾರ್ಧ ಶುರುವಾಗಿ ಹತ್ತು ನಿಮಿಷ ಆಗುವಷ್ಟರಲ್ಲಿ ಶಾಲ್ಕೆ 3-0 ಮುಂದಿತ್ತು. ಹುಡುಗರು ಅಲ್ಲಿಗೆ ಮುದುಡಿಕೊಳ್ಳಬಹುದಿತ್ತು. 67ನೇ ನಿಮಿಷದಲ್ಲಿ ಸುಬೋಟಿಚ್ ಒಂದು ಗೋಲು ಹೊಡೆದ. ನಾಲ್ಕು ನಿಮಿಷದ ನಂತರ ಅಲೆಕ್ಸಾಂಡರ್ ಫ್ರೈ ಇನ್ನೊಂದು. 89ನೇ ನಿಮಿಷದಲ್ಲಿ ಫ್ರೈ ಪೆನಾಲ್ಟಿ. 3-3. ಗೆಲುವಲ್ಲ, ಬರೀ ಡ್ರಾ. ಆದರೆ ಊರಿಗೆ ಈ ತಂಡದ ಮೇಲೆ ಪ್ರೀತಿ ಹುಟ್ಟಿದ್ದು ಆ ಸಂಜೆ.

ಆ ವರ್ಷ 62 ಇದ್ದದ್ದು 37ಕ್ಕೆ ಇಳಿಯಿತು. ತಂಡ 6ನೇ ಸ್ಥಾನಕ್ಕೆ ಬಂತು. ಯುರೋಪಿನ ಟೂರ್ನಿಗೆ ಹೋಗುವ ಅವಕಾಶ ಕೊನೆಯ ದಿನ, ಬೇರೆ ಊರಿನಲ್ಲಿ ಹ್ಯಾಂಬರ್ಗ್ ತಂಡ ಕೊನೆಗಳಿಗೆಯಲ್ಲಿ ಹೊಡೆದ ಗೋಲಿನಿಂದ ತಪ್ಪಿಹೋಯಿತು.

42ರ ವರ್ಷ

2009-10 ಶುರುವಾಯಿತು. ಹ್ಯಾಂಬರ್ಗ್‌ನಲ್ಲಿ 4-1 ಸೋಲು. ತಮ್ಮದೇ ಅಂಗಳದಲ್ಲಿ ಬಯೆರ್ನ್ ಎದುರು 5-1 ಸೋಲು. ಮತ್ತೆ ತಮ್ಮದೇ ಅಂಗಳದಲ್ಲಿ ಶಾಲ್ಕೆ ಎದುರು 1-0 ಸೋಲು. ಮೊದಲ 7 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಅಕ್ಟೋಬರ್‌ನಲ್ಲಿ ಜರ್ಮನ್ ಕಪ್‌ನಿಂದಲೂ ಹೊರಬಿದ್ದರು. ಸೋಲಿಸಿದ್ದು ಮೂರನೇ ದರ್ಜೆಯ ಓಸ್ನಾಬ್ರುಕ್.

ಏನಾಗಿತ್ತು? ನನಗೆ ಕಾಣುವುದು ಎರಡು ಕಾರಣ. ಒಂದು, ಎದುರಾಳಿಗಳು ಕಲಿತಿದ್ದರು. ಹೊಸ ಹುಡುಗನನ್ನು ಮೊದಲ ವರ್ಷ ಯಾರೂ ಸರಿಯಾಗಿ ನೋಡಿರುವುದಿಲ್ಲ. ಎರಡನೇ ವರ್ಷ ಅವನು ಯಾವ ಕಡೆ ತಿರುಗುತ್ತಾನೆ, ಯಾವ ಕಾಲಲ್ಲಿ ಒದೆಯುತ್ತಾನೆ ಅಂತ ಎಲ್ಲರ ಹತ್ತಿರವೂ ವಿಡಿಯೋ ಇರುತ್ತದೆ. ಕ್ರಿಕೆಟ್‌ನಲ್ಲಿ ಹೊಸ ಬೌಲರ್‌ಗಳಿಗೆ ಆಗುವುದನ್ನು ನಾವೆಲ್ಲ ಎಷ್ಟು ಸಲ ನೋಡಿಲ್ಲ! ಎರಡನೆಯದು, ಡಾರ್ಟ್‌ಮಂಡ್ ಈಗ ಬಡಪಾಯಿ ತಂಡವಾಗಿ ಉಳಿದಿರಲಿಲ್ಲ. ಎದುರಾಳಿಗಳು ಹಿಂದೆ ನಿಂತು, ಚೆಂಡನ್ನು ಡಾರ್ಟ್‌ಮಂಡ್‌ಗೇ ಬಿಟ್ಟು, "ಈಗ ನೀವೇ ದಾರಿ ಮಾಡಿಕೊಳ್ಳಿ" ಅನ್ನುವ ಹಾಗೆ ಆಡತೊಡಗಿದರು. ಕಸಿಯುವುದನ್ನು ಕಲಿತ ಹುಡುಗರು ಕಟ್ಟುವುದನ್ನು ಇನ್ನೂ ಕಲಿತಿರಲಿಲ್ಲ.

ಈಗ ಬರುತ್ತದೆ ತಾಳ್ಮೆಯ ಪ್ರಶ್ನೆ. ಸುಮ್ನೆ "ಅವರಿಗೆ ತಾಳ್ಮೆ ಇತ್ತು" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಆ ತಾಳ್ಮೆ ಎಲ್ಲಿಂದ ಬಂತು ಅಂತ ನೋಡಬೇಕು.

ಮೊದಲನೆಯದಾಗಿ, ಅವಸರ ಪಡಲು ಕ್ಲಬ್ ಹತ್ತಿರ ದುಡ್ಡೇ ಇರಲಿಲ್ಲ. ಡಿಸೆಂಬರ್‌ನಲ್ಲಿ ಹೆದರಿ, ಜನವರಿಯಲ್ಲಿ ಮೂವರು ದೊಡ್ಡ ಆಟಗಾರರನ್ನು ಕೊಂಡು ತರುವ ದಾರಿ ಅವರಿಗೆ ಮುಚ್ಚಿತ್ತು. ಆ ದಾರಿಯಲ್ಲಿ ನಡೆದೇ 2005ರ ವಿಮಾನ ನಿಲ್ದಾಣದ ಸಭೆಗೆ ತಲುಪಿದ್ದರು. ಅದು ಎಲ್ಲರಿಗೂ ನೆನಪಿತ್ತು.

ಎರಡನೆಯದು ಸ್ಟೇಡಿಯಂ. ಅದರ ದಕ್ಷಿಣ ಭಾಗದಲ್ಲಿ ಸುಮಾರು 25,000 ಜನ ನಿಂತೇ ಪಂದ್ಯ ನೋಡುತ್ತಾರೆ. ಎಲ್ಲರ ಮೈಮೇಲೂ ಹಳದಿ. ಅದನ್ನು ಹಳದಿ ಗೋಡೆ ಅಂತಲೇ ಕರೆಯುತ್ತಾರೆ. ತಂಡ 13ನೇ ಸ್ಥಾನಕ್ಕೆ ಬಿದ್ದ ವರ್ಷವೂ ಪಂದ್ಯಕ್ಕೆ ಸರಾಸರಿ 70,000ಕ್ಕೂ ಜಾಸ್ತಿ ಜನ ಬಂದಿದ್ದರು. ಟಿಕೆಟ್ ದುಡ್ಡು ತಪ್ಪದೆ ಬರುತ್ತಿದ್ದುದರಿಂದ ಒಂದು ಕೆಟ್ಟ ವರ್ಷ ಕ್ಲಬ್‌ನ ಬುಡವನ್ನೇ ಅಲ್ಲಾಡಿಸುತ್ತಿರಲಿಲ್ಲ. ಜನ ಸಿಟ್ಟಾಗುತ್ತಿದ್ದರು. ಆದರೆ ಬರುವುದನ್ನು ಬಿಡುತ್ತಿರಲಿಲ್ಲ.

ಮೂರನೆಯದು ನನಗೆ ತುಂಬ ಇಷ್ಟವಾದ ಸಂಗತಿ. ಕೆವಿನ್ ಗ್ರೋಸ್‌ಕ್ರಾಯ್ಟ್ಸ್ ಎಂಬ ಹುಡುಗ ಆ ವರ್ಷವೇ ತಂಡಕ್ಕೆ ಬಂದ. ಡಾರ್ಟ್‌ಮಂಡ್‌ನಲ್ಲೇ ಹುಟ್ಟಿದವನು, ಚಿಕ್ಕವನಿದ್ದಾಗ ಅದೇ ಹಳದಿ ಗೋಡೆಯಲ್ಲಿ ನಿಂತು ಕೂಗಿದವನು. ಮಾರಿಯೊ ಗೋಟ್ಸೆ ಎಂಟೊಂಬತ್ತು ವರ್ಷದವನಿದ್ದಾಗಿನಿಂದ ಕ್ಲಬ್‌ನ ಅಕಾಡೆಮಿಯಲ್ಲೇ ಬೆಳೆದವನು. ಆ ವರ್ಷದ ನವೆಂಬರ್‌ನಲ್ಲಿ, 17ನೇ ವಯಸ್ಸಿನಲ್ಲಿ, ಮೊದಲ ಲೀಗ್ ಪಂದ್ಯ ಆಡಿದ. ಶಾಹಿನ್ ಕೂಡ 12ನೇ ವಯಸ್ಸಿನಿಂದ ಅಲ್ಲಿಯೇ ಇದ್ದವನು. ಮನೆಯ ಮಕ್ಕಳು ಎಡವಿದರೆ ಜನ ಬೈಯುವ ರೀತಿಯೇ ಬೇರೆ. ಬೈದು, ಮರುದಿನ ಮತ್ತೆ ಬೆನ್ನು ತಟ್ಟುತ್ತಾರೆ.

ಇದರ ನಡುವೆ ಮೈದಾನದಲ್ಲಿ ಒಂದು ಬದಲಾವಣೆ ಸದ್ದಿಲ್ಲದೆ ಆಯಿತು. ನಾಯಕ ಸೆಬಾಸ್ಟಿಯನ್ ಕೇಲ್ ಗಾಯದಿಂದ ಬಹಳ ಕಾಲ ಹೊರಗುಳಿದರು. ಅವರ ಜಾಗಕ್ಕೆ 20 ವರ್ಷದ ಸ್ವೆನ್ ಬೆಂಡರ್ ಬಂದ. ಓಡಿ, ಅಡ್ಡ ಬಿದ್ದು, ಚೆಂಡು ಕಸಿಯುವುದು ಅವನ ಕೆಲಸ. ಅವನ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ ಸರಿದು, ಶಾಹಿನ್ ನಿಂತ. ಅಲ್ಲಿಂದ ಇಡೀ ಮೈದಾನ ಅವನ ಕಣ್ಣೆದುರಿಗಿತ್ತು. ಒಬ್ಬ ಕಸಿಯುವವನು, ಇನ್ನೊಬ್ಬ ಕಟ್ಟುವವನು. ಹಾಲೆಂಡ್‌ಗೆ ಹೋಗಿ ಬಂದಿದ್ದ ಆ ಹುಡುಗ ತನ್ನ ಜಾಗ ಕಂಡುಕೊಂಡ.

ವರ್ಷದ ಕೊನೆಗೆ ತಂಡ 5ನೇ ಸ್ಥಾನದಲ್ಲಿತ್ತು. ಗೋಲು 42 ಹೊಡೆಸಿಕೊಂಡಿದ್ದರೂ ಸ್ಥಾನ ಒಂದು ಮೆಟ್ಟಿಲು ಮೇಲೇರಿತ್ತು, ಯುರೋಪಿಗೆ ಟಿಕೆಟ್ಟೂ ಸಿಕ್ಕಿತ್ತು. ಕೆಟ್ಟದ್ದು ಅಂತ ಶುರುವಾದ ವರ್ಷ ಕಟ್ಟಡದ ತಳಪಾಯವಾಗಿ ಮುಗಿಯಿತು.

ಅಗ್ಗದ ಅಂಗಡಿಯಲ್ಲಿ ಒಳ್ಳೆಯ ಸಾಮಾನು

2010ರ ಬೇಸಿಗೆಯಲ್ಲಿ ತ್ಸೋರ್ಕ್ ಮಾಡಿದ ವ್ಯಾಪಾರ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಜಪಾನಿನ ಎರಡನೇ ದರ್ಜೆಯಲ್ಲಿ ರಾಶಿ ರಾಶಿ ಗೋಲು ಹೊಡೆದಿದ್ದ ಶಿಂಜಿ ಕಗಾವಾನನ್ನು 3,50,000 ಯೂರೋಗೆ ತಂದರು. ಆಗಿನ ಲೆಕ್ಕದಲ್ಲಿ ಸುಮಾರು 2 ಕೋಟಿ ರೂಪಾಯಿ. ಯುರೋಪಿನ ಫುಟ್‌ಬಾಲಿನಲ್ಲಿ ಇದು ಚಿಲ್ಲರೆ. ಕೆಳಗಿನ ದರ್ಜೆಗೆ ಬಿದ್ದ ಹೆರ್ಟಾ ಬರ್ಲಿನ್‌ನಿಂದ ವೂಕಾಶ್ ಪಿಶ್ಚೆಕ್ ಒಂದು ಪೈಸೆ ಕೊಡದೆ ಸಿಕ್ಕಿದ. ಪೋಲೆಂಡ್‌ನ ಲೆಖ್ ಪೊಜ್ನಾನ್‌ನಿಂದ ರಾಬರ್ಟ್ ಲೆವಾಂಡೊವ್‌ಸ್ಕಿ ಬಂದ. ಬೆಲೆ ಸುಮಾರು 4.5 ಮಿಲಿಯನ್ ಯೂರೋ.

ಲೆವಾಂಡೊವ್‌ಸ್ಕಿ ಅಂದರೆ ಈಗ ಎಲ್ಲರಿಗೂ ಗೊತ್ತು. ಮೊದಲ ವರ್ಷ ಹಾಗಿರಲಿಲ್ಲ. ಬಹಳಷ್ಟು ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬರುತ್ತಿದ್ದ. ಲೀಗ್‌ನಲ್ಲಿ ಹೊಡೆದದ್ದು 8 ಗೋಲು. ಸುಲಭದ ಅವಕಾಶಗಳನ್ನು ಹಾಳು ಮಾಡುತ್ತಾನೆ ಅಂತ ಜನ ಗೊಣಗುತ್ತಿದ್ದರು. ಕ್ಲಾಪ್ ಅವನ ಜೊತೆ ಒಂದು ಬಾಜಿ ಕಟ್ಟಿದ್ದರಂತೆ. ಅಭ್ಯಾಸದಲ್ಲಿ 10 ಗೋಲು ಹೊಡೆದರೆ ಕ್ಲಾಪ್ 50 ಯೂರೋ ಕೊಡಬೇಕು, ಹೊಡೆಯದಿದ್ದರೆ ಅವನು ಕೊಡಬೇಕು. ಮೊದಲ ವಾರಗಳಲ್ಲಿ ದುಡ್ಡು ಕೊಟ್ಟವನು ಅವನೇ. ಕೆಲವು ತಿಂಗಳಲ್ಲಿ ಲೆಕ್ಕ ತಿರುಗಿತು, ಕ್ಲಾಪ್ ಸಾಕಪ್ಪಾ ಅಂದರು ಅಂತ ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಮರುವರ್ಷ ಲೀಗ್‌ನಲ್ಲಿ ಅವನದು 22 ಗೋಲು.

ಒಂದು ವಿಷಯ ಮರೆಯಬಾರದು. ಎಲ್ಲರೂ ಹುಡುಗರೇ ಆಗಿರಲಿಲ್ಲ. ಗೋಲಿನ ಬಾಯಲ್ಲಿ 30 ವರ್ಷದ ರೋಮನ್ ವೈಡನ್‌ಫೆಲ್ಲರ್ ಇದ್ದರು. ಬೆಂಚಿನಲ್ಲಿ ಕೇಲ್ ಇದ್ದರು. ಎಡಬದಿಯ ರಕ್ಷಕ ಡೆಡೆ 1998ರಿಂದ ಕ್ಲಬ್‌ನಲ್ಲಿದ್ದ ಬ್ರೆಜಿಲ್‌ನವರು. 2008ರಲ್ಲಿ ಅವರ ಮೊಣಕಾಲಿಗೆ ಪೆಟ್ಟಾದಾಗ ಆ ಜಾಗಕ್ಕೆ ಬಂದವನು ಶ್ಮೆಲ್ಟ್ಸರ್. ಅವನು ಆ ಜಾಗ ಮತ್ತೆ ಬಿಟ್ಟುಕೊಡಲಿಲ್ಲ. ಡೆಡೆ ಮುಖ ಊದಿಸಿಕೊಂಡು ಕ್ಲಬ್ ಬಿಡಲಿಲ್ಲ, 2011ರವರೆಗೆ ಅಲ್ಲೇ ಇದ್ದರು. ಹುಡುಗರ ತಂಡ ಅನ್ನುವಾಗ ಇಂಥವರ ಹೆಸರು ಯಾರೂ ಎತ್ತುವುದಿಲ್ಲ. ಹಿರಿಯರಿಲ್ಲದ ಡ್ರೆಸ್ಸಿಂಗ್ ರೂಮಿನಲ್ಲಿ ಎರಡು ಸೋಲಿನ ನಂತರ ಏನು ಮಾತಾಡಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಮ್ಯೂನಿಕ್, 2011ರ ಫೆಬ್ರವರಿ 26

2010-11ರ ಮೊದಲ ಪಂದ್ಯವನ್ನೂ ಸೋತರು. ತಮ್ಮದೇ ಅಂಗಳ, ಲೆವರ್‌ಕೂಸನ್ ಎದುರು 2-0. ಈ ಸಲ ಯಾರೂ ಗಾಬರಿಯಾಗಲಿಲ್ಲ. ಚಳಿಗಾಲದ ಬಿಡುವಿನ ಹೊತ್ತಿಗೆ 17 ಪಂದ್ಯಗಳಲ್ಲಿ 14 ಗೆದ್ದು ಮೇಲೆ ಕೂತಿದ್ದರು. ಜನವರಿಯಲ್ಲಿ ಏಷ್ಯಾ ಕಪ್ ಆಡಲು ಹೋದ ಕಗಾವಾ ಪಾದದ ಮೂಳೆ ಮುರಿದುಕೊಂಡ. ಎಲ್ಲರ ಕಣ್ಣು ಗೋಟ್ಸೆ ಮೇಲೆ ಬಿತ್ತು.

ಫೆಬ್ರವರಿಯಲ್ಲಿ ಬಯೆರ್ನ್ ಮನೆಗೆ ಹೋಗಬೇಕಾಯಿತು. ಡಾರ್ಟ್‌ಮಂಡ್ ಅಲ್ಲಿ ಕೊನೆಯ ಸಲ ಗೆದ್ದದ್ದು 1991ರಲ್ಲಿ. ಆಡಲಿರುವ ಹುಡುಗರಲ್ಲಿ ಹೆಚ್ಚಿನವರು ಆಗ ಅಂಬೆಗಾಲು ಬಿಟ್ಟು ನಡೆಯಲು ಕಲಿತಿದ್ದ ಮಕ್ಕಳು. ಗೋಟ್ಸೆ ಇನ್ನೂ ಹುಟ್ಟೇ ಇರಲಿಲ್ಲ. ಅದರ ಮೇಲೆ ವೈಡನ್‌ಫೆಲ್ಲರ್‌ಗೆ ಗಾಯ. ಗೋಲ್‌ಕೀಪರ್ ಆಗಿ ಇಳಿದವನು 22 ವರ್ಷದ ಆಸ್ಟ್ರೇಲಿಯಾ ಹುಡುಗ ಮಿಚೆಲ್ ಲ್ಯಾಂಗರಾಕ್. ಬುಂಡೆಸ್‌ಲಿಗಾದಲ್ಲಿ ಅವನ ಮೊದಲ ಪಂದ್ಯ.

ಆ ಹನ್ನೊಂದು ಜನರ ವಯಸ್ಸನ್ನು ಸಾಲಾಗಿ ಬರೆದು ನೋಡಿ. ಲ್ಯಾಂಗರಾಕ್ 22, ಪಿಶ್ಚೆಕ್ 25, ಸುಬೋಟಿಚ್ 22, ಹುಮ್ಮೆಲ್ಸ್ 22, ಶ್ಮೆಲ್ಟ್ಸರ್ 23, ಬೆಂಡರ್ 21, ಶಾಹಿನ್ 22, ಗೋಟ್ಸೆ 18, ಲೆವಾಂಡೊವ್‌ಸ್ಕಿ 22, ಗ್ರೋಸ್‌ಕ್ರಾಯ್ಟ್ಸ್ 22, ಬಾರಿಯೋಸ್ 26. ಸರಾಸರಿ 22 ದಾಟಿ ಸ್ವಲ್ಪ. ಕಾಲೇಜು ಮುಗಿಸಿ ಕೆಲಸ ಹುಡುಕುವ ವಯಸ್ಸು.

9ನೇ ನಿಮಿಷದಲ್ಲಿ ಲುಕಾಸ್ ಬಾರಿಯೋಸ್ ಗೋಲು. ಬಯೆರ್ನ್ ಸಮ ಮಾಡಿತು. ಎರಡೇ ನಿಮಿಷದಲ್ಲಿ ಶಾಹಿನ್ ದೂರದಿಂದ ಎಡಗಾಲಲ್ಲಿ ತಿರುವು ಕೊಟ್ಟು ಚೆಂಡನ್ನು ಒಳಗೆ ಕಳಿಸಿದ. 60ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಹುಮ್ಮೆಲ್ಸ್ ತಲೆ ಕೊಟ್ಟ. 3-1. ಹುಮ್ಮೆಲ್ಸ್ ಬೆಳೆದದ್ದು ಬಯೆರ್ನ್ ಅಕಾಡೆಮಿಯಲ್ಲಿ ಅನ್ನುವುದನ್ನು ನೆನಪಿಟ್ಟುಕೊಂಡು ಆ ಗೋಲು ನೋಡಬೇಕು.

ಏಪ್ರಿಲ್ 30ರಂದು ನ್ಯೂರೆಂಬರ್ಗ್ ತಂಡವನ್ನು 2-0ರಿಂದ ಸೋಲಿಸಿದಾಗ ಲೀಗ್ ಅವರದಾಯಿತು. ಇನ್ನೂ ಎರಡು ಪಂದ್ಯ ಬಾಕಿ ಇತ್ತು. ಹೊಡೆಸಿಕೊಂಡ ಗೋಲು ವರ್ಷದ ಕೊನೆಗೆ 22.

ಕಟ್ಟಿದ ಮನೆಗೆ ಬಾಗಿಲು ಎರಡು

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಅರ್ಧ ಸುಳ್ಳಾಗುತ್ತದೆ. ಹುಡುಗರ ತಂಡ ಕಟ್ಟುವುದರಲ್ಲಿ ಒಂದು ನೋವಿನ ಸಂಗತಿ ಇದೆ. ಹುಡುಗ ಬೆಳೆದ ದಿನವೇ ಅವನನ್ನು ಕೊಳ್ಳುವವರು ಬಾಗಿಲಲ್ಲಿ ನಿಂತಿರುತ್ತಾರೆ.

ಲೀಗ್ ಗೆದ್ದ ಬೇಸಿಗೆಯಲ್ಲೇ ಶಾಹಿನ್ ರಿಯಲ್ ಮ್ಯಾಡ್ರಿಡ್‌ಗೆ ಹೋದ. ಕ್ಲಬ್‌ಗೆ ಸಿಕ್ಕಿದ್ದು ಸುಮಾರು 10 ಮಿಲಿಯನ್ ಯೂರೋ. ಅವನ ಬದಲಿಗೆ ನ್ಯೂರೆಂಬರ್ಗ್‌ನಿಂದ 20 ವರ್ಷದ ಇಲ್ಕಾಯ್ ಗುಂಡೊಗಾನ್ ಬಂದ. ಮತ್ತೆ ಅದೇ ಕಲಿಕೆ, ಅದೇ ತಪ್ಪುಗಳು. ಮೊದಲ 6 ಪಂದ್ಯಗಳಲ್ಲಿ 3 ಸೋಲು. ಚಾಂಪಿಯನ್ಸ್ ಲೀಗ್‌ನಲ್ಲಿ ಗುಂಪಿನ ಕೊನೆಯ ಸ್ಥಾನ, 6 ಪಂದ್ಯಗಳಿಂದ 4 ಪಾಯಿಂಟ್. ಆದರೆ ಲೀಗ್‌ನಲ್ಲಿ ಅಲ್ಲಿಂದ ಮುಂದೆ 28 ಪಂದ್ಯ ಸೋಲಲೇ ಇಲ್ಲ. 81 ಪಾಯಿಂಟ್‌ನೊಂದಿಗೆ ಮತ್ತೆ ಚಾಂಪಿಯನ್. ಜರ್ಮನ್ ಕಪ್ ಫೈನಲ್‌ನಲ್ಲಿ ಬಯೆರ್ನ್ ಎದುರು 5-2 ಗೆಲುವು. ಮರುವರ್ಷ ರಿಯಲ್ ಮ್ಯಾಡ್ರಿಡ್, ಮ್ಯಾಂಚೆಸ್ಟರ್ ಸಿಟಿ, ಅಯಾಕ್ಸ್ ಇದ್ದ ಗುಂಪಿನಲ್ಲಿ ಸೋಲದೆ ಮೊದಲ ಸ್ಥಾನ, ಕೊನೆಗೆ ಚಾಂಪಿಯನ್ಸ್ ಲೀಗ್ ಫೈನಲ್. ಯುರೋಪಿನಲ್ಲಿ ಹೇಗೆ ಆಡಬೇಕು ಅಂತ ಕಲಿಯಲು ಅವರಿಗೆ ಆ ಒಂದು ಕೆಟ್ಟ ವರ್ಷ ಬೇಕಾಗಿತ್ತು.

2012ರಲ್ಲಿ ಕಗಾವಾ ಮ್ಯಾಂಚೆಸ್ಟರ್ ಯುನೈಟೆಡ್‌ಗೆ. 2013ರಲ್ಲಿ ಗೋಟ್ಸೆ 37 ಮಿಲಿಯನ್ ಯೂರೋಗೆ ಬಯೆರ್ನ್‌ಗೆ. 2014ರಲ್ಲಿ ಲೆವಾಂಡೊವ್‌ಸ್ಕಿ, ಒಂದು ಪೈಸೆಯೂ ಕೊಡದೆ, ಅದೇ ಬಯೆರ್ನ್‌ಗೆ. 2015ರ ಫೆಬ್ರವರಿಯಲ್ಲಿ ಡಾರ್ಟ್‌ಮಂಡ್ ಲೀಗ್‌ನ ಕಟ್ಟಕಡೆಯ ಸ್ಥಾನದಲ್ಲಿತ್ತು. ಒಂದು ಸೋಲಿನ ನಂತರ ವೈಡನ್‌ಫೆಲ್ಲರ್ ಮತ್ತು ಹುಮ್ಮೆಲ್ಸ್ ಹಳದಿ ಗೋಡೆಯ ಬೇಲಿ ಹತ್ತಿರ ಹೋಗಿ ಸಿಟ್ಟಾದ ಜನರ ಜೊತೆ ಮಾತಾಡಬೇಕಾಯಿತು. ತಂಡ ಏಳನೇ ಸ್ಥಾನಕ್ಕೆ ಏರಿ ಸೀಸನ್ ಮುಗಿಸಿತು. ಕ್ಲಾಪ್ ವಿದಾಯ ಹೇಳಿದರು.

ಅಲ್ಲಿಂದ ಈಚೆಗೆ ಕ್ಲಬ್ ಹುಡುಗರನ್ನು ಬೆಳೆಸುವುದು ನಿಲ್ಲಿಸಿಲ್ಲ. ಡೆಂಬೆಲೆ, ಸ್ಯಾಂಚೊ, ಹಾಲಂಡ್, ಬೆಲ್ಲಿಂಗಮ್ ಎಲ್ಲರೂ ಆ ಅಂಗಳದಲ್ಲಿ ಬೆಳೆದು ಹೋದವರೇ. ಡೆಂಬೆಲೆಯನ್ನು ಸುಮಾರು 15 ಮಿಲಿಯನ್‌ಗೆ ತಂದು ಒಂದು ಸೀಸನ್ ಆದ ಮೇಲೆ 105 ಮಿಲಿಯನ್ ಯೂರೋಗೆ ಬಾರ್ಸಿಲೋನಾಗೆ ಮಾರಿದರು. ವ್ಯಾಪಾರವಾಗಿ ಇದು ಅದ್ಭುತ. ಆದರೆ ನನ್ನ ಮಟ್ಟಿಗೆ ಇದು 2008ರ ಕೆಲಸ ಅಲ್ಲ. ಆಗಿನವರು ಒಟ್ಟಿಗೆ ಮೂರು ನಾಲ್ಕು ವರ್ಷ ಆಡಿದರು, ಒಟ್ಟಿಗೆ ಎಡವಿದರು. ಈಗಿನವರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಬಂದು, ಒಬ್ಬೊಬ್ಬರಾಗಿ ಹೊಳೆದು, ಒಬ್ಬೊಬ್ಬರಾಗಿ ಹೊರಟರು. ಜೊತೆಗೆ ಕೂಡಿ ಒಂದು 42ರ ವರ್ಷ ಕಳೆಯಲು ಅವರಿಗೆ ಸಮಯವೇ ಸಿಗಲಿಲ್ಲ.

2013ರಿಂದ 2023ರವರೆಗೆ ಸತತ ಹನ್ನೊಂದು ವರ್ಷ ಲೀಗ್ ಬಯೆರ್ನ್‌ನದು. ಅದರಲ್ಲಿ ಕೊನೆಯದು ಡಾರ್ಟ್‌ಮಂಡ್ ಕೈಯಲ್ಲೇ ಇತ್ತು. 2023ರ ಮೇ 27, ತಮ್ಮದೇ ಅಂಗಳ, ಎದುರಿಗೆ ಮೈಂಟ್ಸ್. ಗೆದ್ದರೆ ಸಾಕು, ಚಾಂಪಿಯನ್. ಬೆಲ್ಲಿಂಗಮ್ ಗಾಯದಿಂದ ಬೆಂಚಿನಲ್ಲಿ ಕೂತಿದ್ದ. ಪೆನಾಲ್ಟಿಯೊಂದು ತಪ್ಪಿತು. ಪಂದ್ಯ 2-2 ಆಯಿತು. ಪಾಯಿಂಟ್ ಸಮ, ಗೋಲು ವ್ಯತ್ಯಾಸದಲ್ಲಿ ಬಯೆರ್ನ್ ಗೆದ್ದಿತು.

ಕೋಚ್ ಎಡಿನ್ ತೆರ್ಜಿಚ್ ಒಬ್ಬರೇ ಹಳದಿ ಗೋಡೆಯ ಕಡೆಗೆ ನಡೆದರು. ಅವರೂ ಚಿಕ್ಕಂದಿನಿಂದ ಇದೇ ತಂಡದ ಅಭಿಮಾನಿ. ಕ್ಲಾಪ್ ಕಾಲದಲ್ಲಿ ಕ್ಲಬ್‌ನ ಯುವ ತಂಡಗಳ ಕೆಲಸ ಮಾಡುತ್ತಾ ಬೆಳೆದವರು. ಗೋಡೆಯ ಮುಂದೆ ಬಂದು ನಿಂತರು. ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಮೇಲಿದ್ದ ಸಾವಿರಾರು ಜನರ ಕಣ್ಣಲ್ಲೂ ನೀರು. ಯಾರೂ ಮನೆಗೆ ಹೊರಟಿರಲಿಲ್ಲ. ಅವರು ಚಪ್ಪಾಳೆ ತಟ್ಟುತ್ತಾ ಹಾಡತೊಡಗಿದರು.